ಉಪ್ಪುನೀರಿನ ಈಜುಕೊಳ ಮತ್ತು ಕೊಡಗಿನ ತೋಡು



ಕೊಡಗಿನ ರೆಸಾರ್ಟ್ ಹಾಗೂ ತೋಟದ ಮನೆಗಳಲ್ಲಿ ಈಜುಕೊಳ ಈಗ ಅಪರೂಪವಲ್ಲ. ಕ್ಲೋರಿನ್ ಪುಡಿಯನ್ನು ಕೈಬಿಟ್ಟು ಉಪ್ಪುನೀರಿನ ವ್ಯವಸ್ಥೆಯನ್ನು ಅಳವಡಿಸಿದರೆ ಕೊಳವು ರಾಸಾಯನಿಕಮುಕ್ತವಾಗುವುದೆಂಬ ನಂಬಿಕೆಯಿದೆ. ಅದು ನಿಜವಲ್ಲ. ಅಲ್ಲಿ ವಿದ್ಯುತ್ತಿನ ನೆರವಿನಿಂದ ಉಪ್ಪೇ ಕ್ಲೋರಿನ್ ಆಗುತ್ತದೆ. ಪುಡಿಯನ್ನು ದಾಸ್ತಾನಿಡುವ ಅಪಾಯ ತಪ್ಪುತ್ತದೆ. ಅಷ್ಟು ಲಾಭ ಉಂಟು.

ಆದರೆ ಪ್ರತಿ ಲೀಟರ್ ನೀರಿಗೆ ಸುಮಾರು 3ರಿಂದ 4 ಗ್ರಾಂ ಉಪ್ಪು ಬೇಕು. 50,000 ಲೀಟರಿನ ಕೊಳಕ್ಕೆ 150ರಿಂದ 200 ಕಿಲೋ. ಬಿಸಿಲಿಗೆ ಕ್ಲೋರಿನ್ ಕಳೆಯುತ್ತದೆ, ಉಪ್ಪು ಕಳೆಯುವುದಿಲ್ಲ. ಮುಂಗಾರಿನಲ್ಲಿ ಕೊಳ ತುಂಬಿ ಹರಿದಾಗ, ಬೇಸಿಗೆಯಲ್ಲಿ ಫಿಲ್ಟರ್ ತೊಳೆದಾಗ, ಅದು ಕಾಫಿ ಗಿಡಗಳ ಬುಡಕ್ಕೆ, ತೋಡಿಗೆ, ಗದ್ದೆಗೆ ಇಳಿಯುತ್ತದೆ. ಮಳೆಗಾಲದ ಹೊಳೆ ಅದನ್ನು ತೆಳುಗೊಳಿಸೀತು. ಮಾರ್ಚ್ ತಿಂಗಳ ಬತ್ತಿದ ತೋಡು ತೆಳುಗೊಳಿಸಲಾರದು.

ಲೀಟರಿಗೆ 2 ಗ್ರಾಂ ಮೀರಿ ಲವಣವಿರುವ ನೀರನ್ನು ನೀರಾವರಿಗೆ ಬಳಸಲು ತೀವ್ರ ನಿರ್ಬಂಧ ಅಗತ್ಯವೆನ್ನುತ್ತದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿ. ಭತ್ತವಂತೂ ಲವಣವನ್ನು ಸಹಿಸದ ಬೆಳೆ. ಸೋಡಿಯಂ ಹೆಚ್ಚಿದರೆ ಜೇಡಿಮಣ್ಣಿನ ಕಣಗಳು ಚದುರಿ, ನೀರು ಇಂಗುವುದು ಕುಗ್ಗುತ್ತದೆ.

ಆದುದರಿಂದ ವ್ಯವಸ್ಥೆ ಬದಲಿಸುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಕೊಳದಿಂದ ಹೊರಬೀಳುವ ನೀರು ಎಲ್ಲಿಗೆ ಹೋಗುತ್ತದೆ? ತೋಡಿಗೆ ಎಂಬುದೇ ಉತ್ತರವಾದರೆ, ಆ ಇಳಿಜಾರಿಗೆ ಉಪ್ಪಿನ ಕೊಳ ಸಲ್ಲದು. ಕೆಳಗಿನ ಗದ್ದೆಯವರೂ ಅದೇ ನೀರನ್ನು ನಂಬಿದ್ದಾರೆ.