ಕಾವೇರಿಯ ಹೆಸರಿಲ್ಲದ ಮೀನು

ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವಿದೆ. ಗಾಳ ಹಾಕುವ ಅರಸನ ಮನರಂಜನೆಗೆಂದು ಬರೆದ ಭಾಗವಾದರೂ ಅಲ್ಲಿ ಮೀನುಗಳನ್ನು ಹುರುಪೆಯುಳ್ಳವು, ಬರಿಯ ಚರ್ಮದವು, ಕಡಲಿನವು, ಹೊಳೆಯವು ಎಂದು ವಿಂಗಡಿಸಿರುವುದನ್ನು ಕಂಡರೆ ಶ್ರೋತೃಗಳಿಗೆ ಅಚ್ಚರಿಯಾದೀತು. ಈ ಪ್ರಕರಣವನ್ನು 1951ರಲ್ಲಿ ವಿಜ್ಞಾನಲೋಕದ ಗಮನಕ್ಕೆ ತಂದವರು ಭಾರತದ ಮತ್ಸ್ಯಶಾಸ್ತ್ರಜ್ಞರಲ್ಲಿ ಅಗ್ರಗಣ್ಯರಾದ ಸುಂದರಲಾಲ್ ಹೋರಾ. ಅಂಥ ವಿದ್ವಾಂಸರೇ ನಮ್ಮ ಕಾವೇರಿಯ ಒಂದು ಮೀನಿಗೆ ಹೆಸರು ಹೇಳುವಲ್ಲಿ ಎಡವಿದರು. ಆ ಕಥೆಯನ್ನು ಹೇಳಬೇಕೆಂದೇ ಇಂದು ಬಂದಿದ್ದೇನೆ.

ಮಹಶೀರ್ ಎಂದು ಲೋಕ ಬಲ್ಲ ಈ ಮೀನನ್ನು ನಮ್ಮ ನದಿತೀರದ ಜನ ಬಿಳಿಮೀನು ಎನ್ನುತ್ತಾರೆ. ಕಾವೇರಿಯದಕ್ಕೆ ಎತ್ತಿನ ಹಿಣಿಲಿನಂತೆ ಬೆನ್ನು ಉಬ್ಬಿರುತ್ತದೆ. ಬಾಲ ಕಿತ್ತಳೆ ಬಣ್ಣದ್ದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತು. ಇಷ್ಟು ದೊಡ್ಡ ಪ್ರಾಣಿಗೆ ಹೆಸರಿನ ಬಡತನವೇಕೆ ಬಂತು?

1839ರಲ್ಲಿ ಕರ್ನಲ್ ಸೈಕ್ಸ್ ದಖ್ಖನ್ನಿನ ಮೀನೊಂದನ್ನು ‘ಮುಸಲ್ಲಾ’ ಎಂದು ಕರೆದಿದ್ದ. ನೂರು ವರ್ಷಗಳ ಮೇಲೆ, 1943ರಲ್ಲಿ, ಹೋರಾ ಅವರು ಗೂನುಬೆನ್ನಿನ ಮಹಶೀರ್ ಅದೇ ಇರಬೇಕೆಂದು ನಿರ್ಣಯಿಸಿದರು. ಈಚಿನ ವರ್ಗೀಕರಣಕಾರರು ಸೈಕ್ಸನ ವಿವರಣೆಯನ್ನು ಮತ್ತೆ ಓದಿದಾಗ ಅವನು ಕಂಡದ್ದು ಮಹಶೀರೇ ಅಲ್ಲ, ಬೇರೊಂದು ಕುಲದ ಮೀನೆಂದು ತಿಳಿಯಿತು. ಹೆಸರು ಅದರ ಯಜಮಾನನಿಗೆ ಹಿಂದಿರುಗಿತು. ಕಾವೇರಿಯ ಮೀನು ಅನಾಮಧೇಯವಾಯಿತು.

ಹೆಸರಿಲ್ಲದಿದ್ದರೆ ಮೀನಿಗೇನು ನಷ್ಟ ಎಂದು ತಾವು ಕೇಳಬಹುದು. ಸದುದ್ದೇಶದಿಂದಲೇ ಒಂದು ಕೆಲಸ ನಡೆಯಿತು. ಮಹಾರಾಷ್ಟ್ರದ ಲೋಣಾವಳದಲ್ಲಿ ಕೃತಕವಾಗಿ ಮರಿಮಾಡಿಸಿದ ನೀಲಿ ರೆಕ್ಕೆಯ ಮಹಶೀರನ್ನು ದೇಶದ ಹಲವು ಹೊಳೆಗಳಿಗೆ ಬಿಟ್ಟರು. ಕಾವೇರಿಗೂ ಅದು ಬಂದಿತು. ಎರಡೂ ಮಹಶೀರ್ ತಾನೆ! ಗಾಲಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು ಬರೆದಿಟ್ಟಿದ್ದರು. ಒಟ್ಟು ಮೊತ್ತ ನೋಡಿದರೆ ಮಹಶೀರ್ ಹೆಚ್ಚುತ್ತಲೇ ಇತ್ತು. ಬಣ್ಣ ನೋಡಿ ಬಿಡಿಸಿ ಎಣಿಸಿದಾಗ ಮಾತ್ರ, ಹೆಚ್ಚಿದ್ದು ನೆಂಟನೆಂದೂ ಮನೆಯ ಮಗ ಕ್ಷೀಣಿಸುತ್ತಿದ್ದನೆಂದೂ ಗೊತ್ತಾಯಿತು. ಒಂದೇ ಹೆಸರಿನಡಿ ಎರಡನ್ನೂ ಕೂಡಿಸಿದ್ದೇ ನಮ್ಮ ಕಣ್ಣು ಕಟ್ಟಿತ್ತು.

ಇಲ್ಲಿ ವಂಶವಾಹಿಗಳ ಮಾತು ಬರುತ್ತದೆ. ಗೆಂಡೆಯ ಬಳಗದ ಬಹುಪಾಲು ಮೀನುಗಳ ಜೀವಕೋಶದಲ್ಲಿ ಸುಮಾರು 50 ವರ್ಣತಂತುಗಳಿದ್ದರೆ, ಎಣಿಸಿ ನೋಡಿದ ಮಹಶೀರ್‌ಗಳಲ್ಲಿ ಅವು 100. ಬಹು ಹಿಂದಿನ ಪೂರ್ವಜರಲ್ಲಿ ಇಡೀ ಗಂಟೇ ಇಮ್ಮಡಿಯಾದ ಗುರುತು ಇದು. ಇಷ್ಟು ಹತ್ತಿರದ ದಾಯಾದಿಗಳು ಒಂದೇ ಮಡುವಿನಲ್ಲಿ ಕೂಡಿದರೆ ಬೆರಕೆಯ ಮರಿಗಳು ಹುಟ್ಟಿ, ಮೂಲದ ವಂಶ ಕರಗಿಹೋದೀತೆಂಬ ಭಯ ತಜ್ಞರಿಗಿದೆ. ನೋಟಕ್ಕೆ ಅದು ತಿಳಿಯುವುದೂ ಇಲ್ಲ.

ಹೆಸರು ಕೊನೆಗೆ ಸಿಕ್ಕಿದ್ದು ಬೇರೆಡೆ. ಕೇರಳದಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು, ಅಮರಾವತಿಯ ಮೂಲಕ ಕಾವೇರಿಯನ್ನು ಸೇರುವ ಪಾಂಬಾರ್ ಹೊಳೆಯ ಸಣ್ಣ ಮೀನುಗಳನ್ನು ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು ಮೊದಲೇ ವರ್ಣಿಸಿ, ಮತ್ಸ್ಯತಜ್ಞೆ ಕೆ. ರಮಾದೇವಿಯವರ ಗೌರವಾರ್ಥ ‘ಟಾರ್ ರೆಮಾದೇವಿಯೈ’ ಎಂದು ಕರೆದಿದ್ದರು. (ಹೆಣ್ಣುಮಗಳ ಹೆಸರಿಗೆ ಲ್ಯಾಟಿನ್ನಿನ ಪುಲ್ಲಿಂಗ ಪ್ರತ್ಯಯ ಹತ್ತಿದೆ, ವೈಯಾಕರಣರು ಕ್ಷಮಿಸಬೇಕು.) ಕಾವೇರಿಯ ಇನ್ನೊಂದು ಕವಲಾದ ಮೋಯಾರಿನ ಗೂನುಬೆನ್ನಿನ ಮೀನುಗಳ ಮೈಕಟ್ಟನ್ನೂ ವಂಶವಾಹಿಗಳನ್ನೂ ಇವುಗಳೊಡನೆ ಹೋಲಿಸಿದಾಗ ಎರಡೂ ಒಂದೇ ಎಂದು 2018ರಲ್ಲಿ ಸಿದ್ಧವಾಯಿತು. ಪಾಂಬಾರಿನ ಆ ಪುಟ್ಟ ಮೀನುಗಳು ಕಾವೇರಿಯ ದೈತ್ಯನ ಕುಲದವೇ ಎಂದು ಅಲ್ಲಿಯವರೆಗೆ ಯಾರೂ ಎಣಿಸಿರಲಿಲ್ಲ.

ಅಂತಾರಾಷ್ಟ್ರೀಯ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಗೆ ಹೆಸರಿಲ್ಲದ ಪ್ರಾಣಿಯನ್ನು ಸೇರಿಸುವುದು ಸುಲಭವಲ್ಲ. ಹೆಸರು ಖಚಿತವಾದ ಆ ವರ್ಷವೇ ಕಾವೇರಿಯ ಬಿಳಿಮೀನು ಅದರಲ್ಲಿ ಸೇರಿತು, ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿ.