ಮೈ ಇಳಿದ ಮೇಲೆ

ಕನ್ನಡ ನುಡಿಯಲ್ಲಿ ಹೊಟ್ಟೆಗೆ ಸಂದಿರುವ ಮನ್ನಣೆ ದೇಹದ ಇತರ ಅಂಗಗಳಿಗೆ ಅಷ್ಟಾಗಿ ಸಂದಂತೆ ತೋರುವುದಿಲ್ಲ. ಜೀವನೋಪಾಯವನ್ನು ನಾವು ಹೊಟ್ಟೆಪಾಡು ಎನ್ನುತ್ತೇವೆ. ಪರರ ಏಳಿಗೆಯನ್ನು ಸಹಿಸಲಾರದವನದು ಹೊಟ್ಟೆಕಿಚ್ಚು; ನೊಂದವನದು ಹೊಟ್ಟೆಯುರಿ. ತಪ್ಪನ್ನು ಮನ್ನಿಸಿರೆಂದು ಬೇಡುವಾಗ 'ಹೊಟ್ಟೆಗೆ ಹಾಕಿಕೊಳ್ಳಿ' ಎನ್ನುತ್ತೇವೆ. ತನ್ನ ಮಗುವನ್ನು ತಾಯಿ 'ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು' ಎಂದು ಹೇಳಿಕೊಳ್ಳುತ್ತಾಳೆ. ಹಸಿವು, ಅಸೂಯೆ, ಸಂಕಟ, ಕ್ಷಮೆ, ವಾತ್ಸಲ್ಯ ಎಲ್ಲಕ್ಕೂ ನಮ್ಮ ಭಾಷೆಯಲ್ಲಿ ಹೊಟ್ಟೆಯೇ ನೆಲೆ. ಇಂತಹ ಹೊಟ್ಟೆಯನ್ನು ಶಸ್ತ್ರವೈದ್ಯರು ಕತ್ತರಿಸಿ ಕಿರಿದು ಮಾಡಿದರೆ, ಅದನ್ನು ಆಶ್ರಯಿಸಿದ್ದ ಬದುಕು ಏನಾಗುತ್ತದೆ? ಇಂದಿನ ನನ್ನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ಮಿತಿಮೀರಿದ ಬೊಜ್ಜನ್ನು ಶಸ್ತ್ರಚಿಕಿತ್ಸೆಯಿಂದ ಇಳಿಸುವ ಕ್ರಮ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1950ರ ದಶಕದಲ್ಲಿಯೇ ಅಮೆರಿಕದ ವೈದ್ಯರು ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ತಪ್ಪಿಸುವ ಪ್ರಯೋಗಗಳನ್ನು ನಡೆಸಿದರು. ತೂಕವೇನೋ ಇಳಿಯಿತು; ಆದರೆ ಯಕೃತ್ತಿಗೂ ಮೂತ್ರಪಿಂಡಕ್ಕೂ ಒದಗಿದ ಕೇಡನ್ನು ಕಂಡ ಮೇಲೆ ಆ ವಿಧಾನವನ್ನು ಕೈಬಿಡಬೇಕಾಯಿತು. 1966ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಜಠರದ ಮೇಲ್ಭಾಗವನ್ನಷ್ಟೇ ಬೇರ್ಪಡಿಸಿ ಅದನ್ನು ಸಣ್ಣ ಕರುಳಿಗೆ ಜೋಡಿಸುವ ಬೈಪಾಸ್ ವಿಧಾನವನ್ನು ಬಳಕೆಗೆ ತಂದರು. ಇಂದು ಅದರ ಪರಿಷ್ಕೃತ ರೂಪದ ಜೊತೆಗೆ, ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು ಉಳಿದುದನ್ನು ಬಾಳೆಕಾಯಿಯಂತಹ ನೀಳ ಕೊಳವೆಯಾಗಿಸುವ ಸ್ಲೀವ್ ಎಂಬ ವಿಧಾನವೂ ರೂಢಿಯಲ್ಲಿದೆ. ಬೈಪಾಸ್ ಆದ ಬಳಿಕ ಉಳಿಯುವ ಜಠರದ ಚೀಲ ಸುಮಾರು 30 ಮಿಲಿಲೀಟರಿನಷ್ಟು. ಎಂದರೆ, ಹಿಂದೆ ನಮ್ಮ ಮನೆಗಳಲ್ಲಿ ಹಸುಗೂಸಿಗೆ ಹಾಲು ಕುಡಿಸುತ್ತಿದ್ದ ಒಳಲೆಯಷ್ಟು.

ಚೀಲ ಚಿಕ್ಕದಾಗುವುದಷ್ಟೇ ಇಲ್ಲಿನ ಮರ್ಮವಲ್ಲ. ಹಸಿವೆಯನ್ನು ಕೆರಳಿಸುವ ಗ್ರೆಲಿನ್ ಎಂಬ ರಸವನ್ನು 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ಕಂಡುಹಿಡಿದರು. ಅದು ಹೆಚ್ಚಾಗಿ ಸ್ರವಿಸುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ವಿಧಾನದಲ್ಲಿ ಆ ಭಾಗವೇ ಹೊರಟುಹೋಗುವುದರಿಂದ ಹಸಿವು ಕೆಲಕಾಲ ತಣ್ಣಗಾಗುತ್ತದೆ. 'ಬಾಯಿ ಕಟ್ಟಿದರೆ ಮೈ ಇಳಿಯದೆ?' ಎಂದು ಸ್ಥೂಲದೇಹಿಗಳಿಗೆ ಬುದ್ಧಿ ಹೇಳುವವರು ಈ ಸಂಗತಿಯನ್ನು ಗಮನಿಸಬೇಕು. ಹಸಿವೆಂಬುದು ಬರಿಯ ಚಪಲವಲ್ಲ. ಶರೀರವು ತನ್ನ ತೂಕವನ್ನು ಕಾಪಾಡಿಕೊಳ್ಳಲು ಹೂಡುವ ಹಟವೂ ಅದರಲ್ಲಿದೆ.

ಈ ಚಿಕಿತ್ಸೆಯ ಫಲವನ್ನು ಅಲ್ಲಗಳೆಯುವಂತಿಲ್ಲ. ಸ್ವೀಡನ್ ದೇಶದಲ್ಲಿ 1987ರಲ್ಲಿ ಮೊದಲಾದ ದೀರ್ಘ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದ 2,010 ಮಂದಿಯನ್ನು ಅದಿಲ್ಲದ 2,037 ಮಂದಿಯೊಡನೆ ಹೋಲಿಸಿ ನೋಡಲಾಯಿತು. 2007ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ, ಸರಾಸರಿ 11 ವರ್ಷಗಳಲ್ಲಿ ಮೊದಲ ಗುಂಪಿನಲ್ಲಿ 101 ಮಂದಿಯೂ ಎರಡನೆಯ ಗುಂಪಿನಲ್ಲಿ 129 ಮಂದಿಯೂ ತೀರಿಕೊಂಡಿದ್ದರು. ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಂದವರು, ಮೊಣಕಾಲಿನ ನೋವು ಕಳೆದು ಮೆಟ್ಟಿಲು ಹತ್ತಿದವರು, ರಾತ್ರಿ ಉಸಿರು ಕಟ್ಟದೆ ನಿದ್ರಿಸಿದವರು ಅನೇಕರಿದ್ದಾರೆ. ಆದುದರಿಂದ ಮುಂದಿನ ನನ್ನ ಮಾತುಗಳನ್ನು ಯಾರೂ ಭಯಪಡಿಸುವ ಮಾತುಗಳೆಂದು ತಿಳಿಯಬಾರದು. ಆಸ್ಪತ್ರೆಯಿಂದ ಮನೆಗೆ ಮರಳಿದ ದಿನ ಚಿಕಿತ್ಸೆ ಮುಗಿಯುವುದಿಲ್ಲ, ಅಂದು ಅದು ಆರಂಭವಾಗುತ್ತದೆ ಎಂಬುದಷ್ಟೇ ನನ್ನ ಅಭಿಪ್ರಾಯ.

ಮೊದಲನೆಯದಾಗಿ ದೇಹದ ಕಟ್ಟುಪಾಡುಗಳು. ಕೆಲವು ವಾರ ಬರಿಯ ದ್ರವಾಹಾರ, ಆಮೇಲೆ ಮೆತ್ತನೆಯದು, ತಿಂಗಳು ಕಳೆದ ಮೇಲೆ ಗಟ್ಟಿ ಪದಾರ್ಥ. ಒಂದೊಂದು ತುತ್ತನ್ನೂ ನುರಿಯುವಂತೆ ಅಗಿಯಬೇಕು. ಊಟದ ನಡುವೆ ನೀರು ಕುಡಿಯುವಂತಿಲ್ಲ. ಉಂಡು ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ ಕುಡಿಯಬೇಕು. ಬೈಪಾಸ್ ಆದವರು ಪಾಯಸವನ್ನೋ ಹೋಳಿಗೆಯನ್ನೋ ಆಸೆಯಿಂದ ತಿಂದರೆ, ಸಕ್ಕರೆ ನೇರವಾಗಿ ಕರುಳಿಗೆ ನುಗ್ಗಿ, ಅರ್ಧ ಗಂಟೆಯೊಳಗೆ ಎದೆ ಡವಗುಟ್ಟಿ, ಬೆವರು ಕಿತ್ತುಕೊಂಡು ಬಂದು, ಹೊಟ್ಟೆ ನುಲಿಯಬಹುದು. ಕೆಲವರಿಗೆ ಒಂದೆರಡು ಗಂಟೆಯ ಮೇಲೆ ರಕ್ತದ ಸಕ್ಕರೆ ತೀರ ಇಳಿದು ಕಣ್ಣು ಕತ್ತಲಿಡುವುದೂ ಉಂಟು. ಮೂರನೆಯ ತಿಂಗಳಿನಿಂದ ತಲೆಗೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬರತೊಡಗುತ್ತದೆ. ಪೋಷಣೆ ಸರಿಯಿದ್ದರೆ ಅದು ಮತ್ತೆ ಬೆಳೆಯುತ್ತದೆಂಬುದು ನಿಜ; ಆದರೆ ಬೀಳುವಾಗ ಆ ಸಮಾಧಾನ ಯಾರಿಗೆ ಒಪ್ಪುತ್ತದೆ?

ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಇನ್ನೊಂದು ತೊಡಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆಂದು ವೈದ್ಯರು ಹೇಳುತ್ತಾರೆ. ಅನ್ನ ಸಾರಿನ ನಾಲ್ಕು ತುತ್ತಿಗೇ ತುಂಬಿಹೋಗುವ ಹೊಟ್ಟೆಯಲ್ಲಿ ಬೇಳೆಕಾಳಿಗೆ ಎಡೆಯೆಲ್ಲಿ? ಆದುದರಿಂದ ಕಾಳಿನ ಪಲ್ಯ, ಗಟ್ಟಿ ಮೊಸರು, ಪನೀರು ಮೊದಲು, ಅನ್ನ ಕೊನೆಗೆ. ತಲೆತಲಾಂತರದಿಂದ ಬಂದ ಊಟದ ಕ್ರಮವೇ ತಲೆಕೆಳಗಾಗುತ್ತದೆ. ಕಬ್ಬಿಣ, ಸುಣ್ಣ, ಬಿ-12, ಡಿ ಜೀವಸತ್ವಗಳ ಗುಳಿಗೆಗಳು ಜೀವನಪರ್ಯಂತ, ಕಾಲಕಾಲಕ್ಕೆ ರಕ್ತಪರೀಕ್ಷೆ. 'ಈಗ ಚೆನ್ನಾಗಿದ್ದೇನಲ್ಲ' ಎಂದು ಗುಳಿಗೆ ಬಿಟ್ಟವರಿಗೆ ವರ್ಷಗಳು ಕಳೆದ ಮೇಲೆ ರಕ್ತಹೀನತೆಯೋ ಕೈಕಾಲಿನ ಜೋಮೋ ಎದುರಾಗಬಹುದು. ಬಿಡದೆ ವಾಂತಿಯಾಗುತ್ತಿದ್ದರಂತೂ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಬಿ-1 ಜೀವಸತ್ವ ಬರಿದಾಗಿ ನರಮಂಡಲಕ್ಕೇ ಹಾನಿ ತಟ್ಟುವ ಅಪಾಯವಿದೆ. ಇವೆಲ್ಲವನ್ನೂ ದಾಟಿ ಬಂದವರಿಗೆ ಜೋಲುಬಿದ್ದ ಚರ್ಮ ಉಳಿಯುತ್ತದೆ. ಹಿಗ್ಗಿ ಹಳತಾದ ಚರ್ಮ ವ್ಯಾಯಾಮದಿಂದ ಬಿಗಿಯಾಗುವುದಿಲ್ಲ. ಮಡಿಕೆಗಳಲ್ಲಿ ಬೆವರು ನಿಂತು ಹುಣ್ಣಾಗುತ್ತದೆ. ಅದನ್ನು ತೆಗೆಸಲು ಮತ್ತೊಂದು ಶಸ್ತ್ರಚಿಕಿತ್ಸೆ, ಮತ್ತೊಂದು ಖರ್ಚು.

ದೇಹದ ನಿಯಮಗಳನ್ನು ಹೇಗೋ ಕಲಿಯಬಹುದು. ಪಂಕ್ತಿಯಲ್ಲಿ ಕುಳಿತು ಉಣ್ಣುವ ಸಮಾಜದ ನಿಯಮಗಳು ಅದಕ್ಕಿಂತ ಕಠಿಣ. ನಮ್ಮಲ್ಲಿ ಊಟವೆಂದರೆ ಉಪಚಾರ. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೂ 'ಸಂಕೋಚ ಮಾಡಬೇಡಿ, ಇದೊಂದು ಹಾಕಿಸಿಕೊಳ್ಳಿ' ಎಂದು ಬಡಿಸಿದರೇ ಆದರ. ಒಲ್ಲೆನೆಂದರೆ ಮನೆಯವರಿಗೆ ಬೇಸರ; ಹಾಕಿಸಿಕೊಂಡು ಬಿಟ್ಟರೆ ಅನ್ನ ಚೆಲ್ಲಿದ ಪಾಪ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ಕಟ್ಟಿದ ಜನವೇ ಊಟ ಬಲ್ಲವನನ್ನು ಪಂಕ್ತಿಯಲ್ಲಿ ನೆಮ್ಮದಿಯಾಗಿ ಕೂರಗೊಡುವುದಿಲ್ಲ. ಇದರ ಜೊತೆಗೆ ಹೊರಗೆ ಹೇಳಿಕೊಳ್ಳಲಾಗದ ಇನ್ನೊಂದು ದುಃಖವಿದೆ. ಬೇಸರದಲ್ಲಿ, ಒಂಟಿತನದಲ್ಲಿ ಎಷ್ಟೋ ಜನರಿಗೆ ತಿಂಡಿಯೇ ಸಂಗಾತಿ. ಆ ಸಂಗಾತಿ ಒಂದು ದಿನ ಥಟ್ಟನೆ ದೂರವಾಗುತ್ತದೆ. ಬೇಸರವೂ ಒಂಟಿತನವೂ ಇದ್ದಲ್ಲಿಯೇ ಇರುತ್ತವೆ. ಕೆಲವರು ಆ ತೆರವನ್ನು ಮದ್ಯದಿಂದ ತುಂಬಲು ಹೊರಡುತ್ತಾರೆ. ಬೈಪಾಸ್ ಆದ ದೇಹಕ್ಕೆ ಮದ್ಯ ಬಹುಬೇಗ ಏರುವುದರಿಂದ ಆ ಹಾದಿ ಇಮ್ಮಡಿ ಅಪಾಯದ್ದು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕಿ. ನಲವತ್ತರ ಹೊತ್ತಿಗೆ ಈ ಚಿಕಿತ್ಸೆ ಮಾಡಿಸಿಕೊಂಡು, ಒಂದೂವರೆ ವರ್ಷದಲ್ಲಿ ಗುರುತು ಸಿಗದಷ್ಟು ತೆಳ್ಳಗಾದಳು. ಒಮ್ಮೆ ನಮ್ಮ ಮನೆಗೆ ಬಂದಾಗ ಆಕೆ ಹೇಳಿದ ಮಾತನ್ನು, ಆಕೆಯ ಒಪ್ಪಿಗೆಯಿಂದಲೇ ಇಲ್ಲಿ ಹೇಳುತ್ತಿದ್ದೇನೆ. 'ಸರ್, ಮೊದಲು ನಾನು ಬಸ್ಸು ಹತ್ತಿದರೆ ಸೀಟಿನಲ್ಲಿದ್ದವರು ಮುಖ ಸಿಂಡರಿಸುತ್ತಿದ್ದರು. ಈಗ ನಗುತ್ತಾ ಸರಿದು ಜಾಗ ಕೊಡುತ್ತಾರೆ. ಸ್ಟಾಫ್ ರೂಮಿನಲ್ಲಿ ನನ್ನ ಮಾತನ್ನು ಈಗ ಕಿವಿಗೊಟ್ಟು ಕೇಳುತ್ತಾರೆ. ನಾನು ಓದಿದ್ದೂ ಅಷ್ಟೇ, ಪಾಠ ಹೇಳುವುದೂ ಅಷ್ಟೇ. ಹಾಗಾದರೆ ಇಷ್ಟು ವರ್ಷ ಇದ್ದಳಲ್ಲ, ಅವಳು ಯಾರು ಸರ್? ಅವಳಿಗೆ ಮರ್ಯಾದೆ ಬೇಡವಾಗಿತ್ತೆ?'

ನಾನು ಉತ್ತರ ಹೇಳಲಿಲ್ಲ. ಆಕೆ ಉತ್ತರಕ್ಕಾಗಿ ಕೇಳಿರಲೂ ಇಲ್ಲ. ಇಂದಿಗೂ ಆಕೆ ಬಾಗಿಲು ಕಿರಿದಾಗಿದ್ದರೆ ಅಭ್ಯಾಸಬಲದಿಂದ ಮೈ ಓರೆ ಮಾಡಿಯೇ ದಾಟುತ್ತಾಳೆ. ಪ್ಲಾಸ್ಟಿಕ್ ಕುರ್ಚಿಯನ್ನು ಕೈಯಿಂದ ಒತ್ತಿ ನೋಡಿಯೇ ಕೂರುತ್ತಾಳೆ. ದೇಹ ಇಳಿದಷ್ಟು ಬೇಗ ಮನಸ್ಸಿನೊಳಗಣ ದೇಹ ಇಳಿಯುವುದಿಲ್ಲ. ಕಂಡವರ ಮಾತಿಗೂ ಕೊನೆಯಿಲ್ಲ. ಒಬ್ಬರು 'ಏನಮ್ಮಾ, ಶುಗರ್ ಬಂತೆ? ಇಷ್ಟು ಇಳಿದುಹೋಗಿದ್ದೀಯೆ' ಎಂದು ಕನಿಕರಿಸುತ್ತಾರೆ. ಆಪರೇಷನ್ ಎಂದು ತಿಳಿದ ಇನ್ನೊಬ್ಬರು 'ಓ, ಸುಲಭದ ದಾರಿ ಹಿಡಿದೆ' ಎನ್ನುತ್ತಾರೆ. ಜೀವನವಿಡೀ ಒಳಲೆಯ ಅಳತೆಯಲ್ಲಿ ಉಣ್ಣುವುದು ಸುಲಭದ ದಾರಿಯೆ?

ಸಂಸಾರದ ತಕ್ಕಡಿಯೂ ಇದರಿಂದ ಅಲುಗುತ್ತದೆ. ಸ್ವೀಡನ್ನಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚಿಕಿತ್ಸೆಯಾದ ವಿವಾಹಿತರಲ್ಲಿ ವಿಚ್ಛೇದನಗಳೂ, ಒಂಟಿಯಾಗಿದ್ದವರಲ್ಲಿ ಹೊಸ ಸಂಬಂಧಗಳೂ ಇತರರಿಗಿಂತ ಹೆಚ್ಚಾಗಿ ಕಂಡುಬಂದವು. ಕುಗ್ಗಿ ಮೂಲೆಯಲ್ಲಿದ್ದವರು ತಲೆಯೆತ್ತಿದಾಗ ಕೆಲವು ಬಾಂಧವ್ಯಗಳು ಅರಳುತ್ತವೆ, ಕೆಲವು ತಾಳಲಾರವು. ಒಂದೆರಡು ವರ್ಷಗಳ ಬಳಿಕ ಇಳಿದ ತೂಕದಲ್ಲಿ ಒಂದಿಷ್ಟು ಮರಳಿ ಬರುವುದು ಸಾಮಾನ್ಯ. ಅದನ್ನು ತಮ್ಮ ಸೋಲೆಂದು ಭಾವಿಸಿ, ನಾಚಿಕೆಯಿಂದ ವೈದ್ಯರ ಬಳಿಗೂ ಹೋಗದೆ ಮುಚ್ಚಿಕೊಳ್ಳುವವರಿದ್ದಾರೆ. ಚಿಕಿತ್ಸೆಯಾದವರಲ್ಲಿ ಖಿನ್ನತೆ ಮರುಕಳಿಸುವ, ಜೀವಕ್ಕೇ ಎರವಾಗುವ ಯೋಚನೆಗಳು ಬರುವ ಅಪಾಯವನ್ನೂ ಹಲವು ಅಧ್ಯಯನಗಳು ಎತ್ತಿ ಹೇಳಿವೆ. ಆದುದರಿಂದ ತಕ್ಕಡಿಯ ಮುಳ್ಳನ್ನು ನೋಡುವಷ್ಟೇ ಎಚ್ಚರದಿಂದ ಮನೆಯವರು ಅವರ ಮುಖವನ್ನೂ ನೋಡಬೇಕು. ಮನೋವೈದ್ಯರ ನೆರವನ್ನು ಸಂಕೋಚವಿಲ್ಲದೆ ಪಡೆಯಬೇಕು.

ನಮ್ಮಲ್ಲಿ ಎಲ್ಲರೂ ಬಲ್ಲ ಕಥೆಯೊಂದಿದೆ. ಹೊಟ್ಟೆ ಬಿರಿಯೆ ಕಡುಬು ತಿಂದ ಗಣಪತಿ ದಾರಿಯಲ್ಲಿ ಬಿದ್ದ. ಒಡೆದ ಹೊಟ್ಟೆಗೆ ಹಾವನ್ನೇ ಬಿಗಿದು ಕಟ್ಟಿಕೊಂಡ. ಮೇಲಿಂದ ನೋಡುತ್ತಿದ್ದ ಚಂದ್ರ ನಕ್ಕ. ಶಾಪ ತಟ್ಟಿದ್ದು ತಿಂದ ಗಣಪತಿಗಲ್ಲ, ನಕ್ಕ ಚಂದ್ರನಿಗೆ. ಚೌತಿಯ ರಾತ್ರಿ ಚಂದ್ರನನ್ನು ನೋಡಬಾರದೆಂಬ ನಿಯಮವನ್ನು ನಾವು ತಪ್ಪದೆ ಪಾಲಿಸುತ್ತೇವೆ; ಚಂದ್ರನ ನಗೆಯನ್ನು ಮಾತ್ರ ಶಾಲೆಯ ಅಂಗಳದಿಂದ ಮದುವೆಯ ಚಪ್ಪರದವರೆಗೆ ಧಾರಾಳವಾಗಿ ನಗುತ್ತೇವೆ.

ಇಂತಹವರು ನಮ್ಮ ಮನೆಗೆ ಊಟಕ್ಕೆ ಬಂದರೆ ನಾವು ಮಾಡಬೇಕಾದದ್ದು ಹೆಚ್ಚೇನೂ ಇಲ್ಲ. ಕೇಳಿದಷ್ಟೇ ಬಡಿಸೋಣ. ಮೈ ಇಳಿದುದನ್ನು ಹೊಗಳುವುದೂ ಬೇಡ, ಮರುಗುವುದೂ ಬೇಡ. ಅವರು ಓದುತ್ತಿರುವ ಪುಸ್ತಕವನ್ನು ಕುರಿತೋ, ಮಕ್ಕಳ ಪರೀಕ್ಷೆಯನ್ನು ಕುರಿತೋ ಮಾತಾಡಿಸೋಣ. ಅವರು ಒಂದೊಂದೇ ತುತ್ತನ್ನು ನಿಧಾನವಾಗಿ ಉಂಡು ಮುಗಿಸುವವರೆಗೆ, ಎಲೆಯ ಮುಂದಿನಿಂದ ಅವಸರದಲ್ಲಿ ಏಳದೆ, ಜೊತೆಯಲ್ಲಿ ಕುಳಿತಿರೋಣ.