ಫೈಬರ್ ಕನೆಕ್ಟರಿನ ಮುಚ್ಚಳ



ಗ್ರಾಮ ಪಂಚಾಯತಿಗಳಿಗೆ ಬಂದಿರುವ ಭಾರತ್‌ನೆಟ್ ಕೇಬಲಿನಲ್ಲಿ ಬೆಳಕು ಸಾಗುವ ಗಾಜಿನ ತಿರುಳು ಸುಮಾರು 9 ಮೈಕ್ರಾನ್ ಮಾತ್ರ. ತಲೆಗೂದಲೂ ಅದಕ್ಕಿಂತ ಹಲವು ಪಟ್ಟು ದಪ್ಪ. ಬ್ಯಾಡಗಿಯ ಮೆಣಸಿನಕಾಯಿ ಧೂಳಿನ ಒಂದು ಕಣವೋ ರಾಣೆಬೆನ್ನೂರಿನ ಹತ್ತಿಯ ಒಂದು ಎಳೆಯೋ ಕನೆಕ್ಟರಿನ ತುದಿಗೆ ಅಂಟಿದರೆ ಬೆಳಕು ಕುಗ್ಗುವುದು. ಹಾವೇರಿ ತಾಲ್ಲೂಕಿನ ಯಾವುದೋ ಹಳ್ಳಿಯಲ್ಲಿ ಪಿಂಚಣಿಯ ಅರ್ಜಿ ಹಿಡಿದು ಬಂದ ವೃದ್ಧೆ ಬರಿಗೈಯಲ್ಲಿ ಹಿಂದಿರುಗುವಳು. ಕಣವಿದ್ದಂತೆಯೇ ಒತ್ತಿ ಜೋಡಿಸಿದರೆ ಗಾಜಿಗೆ ಗೀರು ಬೀಳುವುದು, ಬಳಿಕ ಎಷ್ಟು ಒರೆಸಿದರೂ ವ್ಯರ್ಥ.

ಮುಚ್ಚಳವಿದ್ದರಷ್ಟೇ ಸಾಲದು. ಕಳಚಿದ ಮುಚ್ಚಳವು ಸಿಬ್ಬಂದಿಯ ಜೇಬು ಸೇರಿ ಅಲ್ಲಿನ ಕಸವನ್ನೇ ತುದಿಗೆ ಮರಳಿ ತರುತ್ತದೆ. ಅದನ್ನು ಶುಚಿಯಾದ ಚೀಲದಲ್ಲಿ ಇಡತಕ್ಕದ್ದು. ಹೊಸ ಕನೆಕ್ಟರನ್ನೂ ಜೋಡಿಸುವ ಮುನ್ನ ಎಳೆ ಬಿಡದ ಹಾಳೆಯಿಂದ ಒರೆಸಬೇಕು. ಬಾಯಿಂದ ಊದಬಾರದು, ಅಂಗಿಯ ಅಂಚು ತಾಗಿಸಬಾರದು. ಖಾಲಿ ಪೋರ್ಟಿಗೂ ಮುಚ್ಚಳವಿರಲಿ. ತುದಿಯೊಳಗೆ ಕಣ್ಣಿಟ್ಟು ನೋಡುವುದಂತೂ ಸಲ್ಲದು: ಅಲ್ಲಿನ ಬೆಳಕು ಕಾಣಿಸದು, ಆದರೂ ಕಣ್ಣಿಗೆ ಅಪಾಯಕಾರಿ.